ನಮ್ಮ ಹುಡುಗ ಯಾವ ಮೆಟ್ಟಿಲಲ್ಲಿ ನಿಂತಿದ್ದಾನೆ? ನಲಿ-ಕಲಿ ತರಗತಿಯ ಮೊದಲ ಅವಧಿ: ಓದುಗರ ಪ್ರಶ್ನೆ, ಶಿಕ್ಷಕರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಸರಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಯ ಬಗ್ಗೆ. ಮೇ ಕೊನೆಗೆ ಶಾಲೆ ತೆರೆದು ದಸರಾ ರಜೆಗೆ ಮುಚ್ಚುವವರೆಗಿನ ಮೊದಲ ಅವಧಿಯಲ್ಲಿ ಮಗು ಎಷ್ಟು ಕಲಿತಿರಬೇಕು, ಕಲಿಯದಿದ್ದರೆ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹೇಗೆ ಹುಡುಕಬೇಕು ಎಂಬುದೇ ಎಲ್ಲರ ಚಿಂತೆ. ಹೆಸರು ಬಿಟ್ಟು ಊರಿನ ಕಡೆ ಮಾತ್ರ ಹಾಕಿದ್ದೇವೆ. ಉತ್ತರ ಕೊಟ್ಟವರು ನಲಿ-ಕಲಿ ತರಗತಿ ನಡೆಸುವ ಶಿಕ್ಷಕ, ಶಿಕ್ಷಕಿಯರು. ನಲಿ-ಕಲಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಕಾರ್ಡುಗಳನ್ನು ಮಾಡುತ್ತಾ ಅವರವರ ವೇಗದಲ್ಲಿ ಕಲಿಕಾ ಏಣಿಯ ಮೆಟ್ಟಿಲು ಹತ್ತುತ್ತಾರೆ.

ಮಗ ಸಾಲಿಗೆ ಹೋಗಾಕತ್ತಿ ಮೂರು ತಿಂಗಳಾತ್ರಿ. ಅ ಆ ಇ ಈ ಕೇಳಿದ್ರ ಬರಂಗಿಲ್ಲ, ‘ರ ಗ ಸ ದ ಅ’ ಅಂತಾನ. ನಮ್ಮ ಅಣ್ಣನ ಮಗಳು ಕಾನ್ವೆಂಟಿನ್ಯಾಗ ಯುಕೆಜಿಗೇ ಕಾಗುಣಿತ ಬರೀತಾಳ. ಈ ಸಾಲಿ ಬಿಡಿಸಿ ಅಲ್ಲೇ ಹಾಕೂಣೇನ್ರಿ?
– ಕುಷ್ಟಗಿ ತಾಲ್ಲೂಕಿನ ಒಬ್ಬ ತಂದೆ

ಬಿಡಿಸುವ ಮಾತು ಆಮೇಲೆ ಆಡೋಣ ಅಣ್ಣಾವ್ರೇ, ಮೊದಲು ಮಗನನ್ನು ಪರೀಕ್ಷೆ ಮಾಡಿ ನೋಡಿ. ‘ರ ಗ ಸ ದ ಅ’ ನಿಮ್ಮ ಊರಿನ ಮೇಡಂ ಸ್ವಂತ ಕಟ್ಟಿದ್ದಲ್ಲ. ನಲಿ-ಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ, 2009-10ರಿಂದ ರಾಜ್ಯದ ಎಲ್ಲ ಸರಕಾರಿ ಕನ್ನಡ ಶಾಲೆಗಳಿಗೆ ಬಂತು. ಅದರಲ್ಲಿ ಅಕ್ಷರಗಳು ವರ್ಣಮಾಲೆಯ ಸಾಲಿನಲ್ಲಿ ಬರುವುದಿಲ್ಲ, ಸಣ್ಣ ಸಣ್ಣ ಗುಂಪಿನಲ್ಲಿ ಬರುತ್ತವೆ.

ಯಾಕೆ ಹೀಗೆ ಅಂದರೆ, ಅ ಆ ಇ ಈ ಉ ಊ ಆರೂ ಬಂದ ಮಗುವಿಗೆ ಓದಲಿಕ್ಕೆ ಒಂದು ಸರಿಯಾದ ಪದ ಸಿಗುವುದಿಲ್ಲ. ರ ಗ ಸ ದ ಅ ಬಂದರೆ ಅದೇ ವಾರ ಸರ, ರಸ, ಅರಸ, ಅಗಸ, ಗರಗಸ ಓದಬಹುದು. ಮುಂದಿನ ಗುಂಪು ಜ ವ ಮ ಬ ನ. ಅವು ಸೇರಿದರೆ ಮರ, ದನ, ಜನ, ಮಗ, ನಗರ, ಅವಸರ, ಬಸವ. ಹತ್ತೇ ಅಕ್ಷರಕ್ಕೆ ‘ಬಸವನ ದನ’ ಅಂತ ಮಗು ತಾನಾಗಿ ಓದಿಬಿಡುತ್ತದೆ. ಕನ್ನಡದ 49 ಅಕ್ಷರ ಸಾಲಾಗಿ ಒಪ್ಪಿಸುವ ಮಗುವಿನ ಮುಂದೆ ‘ದನ’ ಅಂತ ಬರೆದಿಟ್ಟರೆ ಸುಮ್ಮನೆ ನಿಲ್ಲುವುದನ್ನು ಶಿಕ್ಷಕರೆಲ್ಲ ಕಂಡಿರುತ್ತಾರೆ. ಹಾಡಿನಂತೆ ಬಂದದ್ದಕ್ಕೆ ಕಣ್ಣಿನ ಗುರುತು ಇರುವುದಿಲ್ಲ.

ಮನೆಯಲ್ಲಿ ನೋಡುವುದು ಹೀಗೆ. ಹಳೇ ಲಗ್ನಪತ್ರಿಕೆಯ ಬೆನ್ನಿಗೆ ದಪ್ಪಗೆ ಒಂದೊಂದೇ ಅಕ್ಷರ ಬರೆದು ಐದು ಚೀಟಿ ಮಾಡಿ. ಸಾಲು ತಪ್ಪಿಸಿ ಒಂದೊಂದೇ ತೋರಿಸಿ. ಮೂರು ಎಣಿಸುವುದರೊಳಗೆ ಹೇಳಿದರೆ ಆ ಅಕ್ಷರ ಬಂದಿದೆ. ತಡವರಿಸಿದರೆ ಅದೊಂದನ್ನೇ ಬೇರೆ ಇಡಿ, ಐದನ್ನೂ ಮೊದಲಿಂದ ಹೇಳಿಸಬೇಡಿ. ಆಮೇಲೆ ಎರಡು ಚೀಟಿ ಜೋಡಿಸಿ: ಸ, ರ.

ಹೆಚ್ಚಿನ ಮಕ್ಕಳು ನಿಲ್ಲುವುದು ಇಲ್ಲೇ. ‘ಸ’ ಅಂತಾರೆ, ‘ರ’ ಅಂತಾರೆ, ‘ಏನಾತು?’ ಅಂದರೆ ಬಾಯಿ ಬಿಡುವುದಿಲ್ಲ. ಅಕ್ಷರ ಬಂದಿದೆ, ಕೂಡಿಸುವುದು ಬಂದಿಲ್ಲ. ಎರಡು ಚೀಟಿಗಳನ್ನು ಒಂದು ಗೇಣು ದೂರ ಇಟ್ಟು ‘ಸ……ರ’ ಅನ್ನಿ. ಅರ್ಧ ಗೇಣಿಗೆ ಸರಿಸಿ ‘ಸ…ರ’ ಅನ್ನಿ. ತಾಗಿಸಿದಾಗ ಅವನೇ ‘ಸರ’ ಅನ್ನಬೇಕು, ನೀವು ಅನ್ನಬಾರದು. ಕೊರಳಿನ ಸರ ಮುಟ್ಟಿ ತೋರಿಸಿದರೆ ಅರ್ಥವೂ ಕೂಡಿಕೊಳ್ಳುತ್ತದೆ. ರಾತ್ರಿ ಊಟಕ್ಕೆ ಮುಂಚೆ ಹತ್ತು ನಿಮಿಷ ಸಾಕು. ಹತ್ತು ಪದಕ್ಕೆ ಎಂಟು ಸರಿಯಾದರೆ ಮುಂದಿನ ಐದು ಅಕ್ಷರಕ್ಕೆ ಹೋಗಿ.

ಇನ್ನೊಂದು ಮೋಸ ಇದೆ. ಪುಸ್ತಕದ ಪುಟ ತೆರೆದರೆ ಮಗು ಗಡಗಡ ಓದುತ್ತದೆ, ನೀವು ಹಿಗ್ಗುತ್ತೀರಿ. ಚಿತ್ರದ ಮೇಲೆ ಕೈ ಮುಚ್ಚಿ ಮೂರನೇ ಸಾಲಿನ ಎರಡನೇ ಪದಕ್ಕೆ ಬೆರಳಿಟ್ಟು ಕೇಳಿ. ಓದಿದ್ದೋ ಒಪ್ಪಿಸಿದ್ದೋ ಅಲ್ಲೇ ಗೊತ್ತಾಗುತ್ತದೆ.

ನಮ್ಮ ಅಂದಾಜಿನಲ್ಲಿ ದಸರಾ ರಜೆ ಹೊತ್ತಿಗೆ ಒಂದನೇ ತರಗತಿಯ ಮಗು ಹದಿನೈದರ ಆಸುಪಾಸು ಅಕ್ಷರ ಗುರುತಿಸಿ, ಅವುಗಳಿಂದ ಆಗುವ ಎರಡು-ಮೂರಕ್ಷರದ ಪದ ಓದಿದರೆ ಚಿಂತೆಗೆ ಕಾರಣವಿಲ್ಲ. ಕಾಗುಣಿತ ಅದರ ನಂತರದ ಕೆಲಸ. ನಿಮ್ಮ ಅಣ್ಣನ ಮಗಳಿಗೂ ‘ಗರಗಸ’ ಬರೆದು ಕೊಟ್ಟು ಓದಿಸಿ ನೋಡಿ. ಓದಿದರೆ ಸಂತೋಷ. ಓದದಿದ್ದರೆ ಅವಳು ಕಾಗುಣಿತವನ್ನು ಚಿತ್ರ ಬಿಡಿಸಿದ ಹಾಗೆ ಬರೆಯುತ್ತಿದ್ದಾಳೆ.

ನಾನು ಅತಿಥಿ ಶಿಕ್ಷಕಿ. ಒಂದು, ಎರಡು, ಮೂರನೇ ತರಗತಿ ಸೇರಿ ಒಂದೇ ಕೋಣೆಯಲ್ಲಿ 34 ಮಕ್ಕಳು. ಗುಂಪಿನ ಗುರುತಿನ ತಟ್ಟೆ ಹಾಕಿ ಗುಂಪು ಮಾಡಿ ಕೂಡಿಸಿದರೂ ಹತ್ತು ನಿಮಿಷದಲ್ಲಿ ಎಲ್ಲರೂ ‘ಟೀಚರ್, ಮುಗೀತು’ ಅಂತ ನನ್ನ ಸುತ್ತ ನಿಲ್ಲುತ್ತಾರೆ. ಕಾರ್ಡು ಅರ್ಧ ಕಳೆದಿವೆ. ಎಲ್ಲಿಂದ ಹಿಡಿಯಲಿ?
– ಸಿಂಧನೂರು ತಾಲ್ಲೂಕಿನ ಶಿಕ್ಷಕಿ

ಕಾರ್ಡಿನಿಂದ ಹಿಡಿಯಿರಿ ಮೇಡಂ. ಏಣಿಯಲ್ಲಿ ಒಂದು ಮೆಟ್ಟಿಲಿನ ಕಾರ್ಡು ಇಲ್ಲದಿದ್ದರೆ ಮಗು ಅದನ್ನು ಹಾರಿ ಮುಂದಿನದಕ್ಕೆ ಹೋಗುತ್ತದೆ, ಇಲ್ಲವೇ ನಿಮ್ಮನ್ನು ಕೇಳಲು ಎದ್ದು ಬರುತ್ತದೆ. ಗದ್ದಲದ ಅರ್ಧ ಮೂಲ ಅಲ್ಲಿದೆ. ಒಂದು ಶನಿವಾರ ಮಧ್ಯಾಹ್ನ ಎಲ್ಲ ಕಾರ್ಡನ್ನೂ ನೆಲಕ್ಕೆ ಹರವಿ, ಕಲಿಕಾ ಏಣಿಯನ್ನು ಮುಂದಿಟ್ಟುಕೊಂಡು ಮೈಲಿಗಲ್ಲಿನ (ಕೆಲವು ಮೆಟ್ಟಿಲುಗಳ ಒಂದು ಹಂತ) ಪ್ರಕಾರ ಬೇರೆ ಬೇರೆ ಮಾಡಿ. ಒಂದೊಂದು ಮೈಲಿಗಲ್ಲಿಗೆ ಒಂದೊಂದು ಬಟ್ಟೆ ಚೀಲ. ಚೀಲದ ಮೇಲೆ ಕಾರ್ಡಿನ ಲಾಂಛನವನ್ನೂ ಸಂಖ್ಯೆಯನ್ನೂ ಬರೆಯಿರಿ. ಕಳೆದ ಕಾರ್ಡಿಗೆ ಡ್ರಾಯಿಂಗ್ ಶೀಟ್ ಕತ್ತರಿಸಿ ಕೈಯಲ್ಲೇ ಬರೆದರೆ ನಡೆಯುತ್ತದೆ, ಅಂದ ಇರದಿದ್ದರೂ ಚಿಂತೆಯಿಲ್ಲ. ಪದೇಪದೇ ಬಳಸುವ ಅಕ್ಷರ ಕಾರ್ಡುಗಳನ್ನು ಎರಡೆರಡು ಪ್ರತಿ ಮಾಡಿ.

ಗುಂಪು ಐದು ಇರುತ್ತವೆ: ಶಿಕ್ಷಕರ ಪೂರ್ಣ ನೆರವಿನದು, ಭಾಗಶಃ ನೆರವಿನದು, ಜೊತೆಗಾರರ ಪೂರ್ಣ ನೆರವಿನದು, ಭಾಗಶಃ ನೆರವಿನದು, ತಾನೇ ಕಲಿಯುವುದು. ಕಾಗದದ ಮೇಲೆ 34 ಮಕ್ಕಳು ಐದು ಗುಂಪಿಗೆ ಆರೇಳು ಮಂದಿಯಂತೆ ಬರುತ್ತಾರೆ. ಜೂನ್‌ನಲ್ಲಿ ಹಾಗಾಗುವುದಿಲ್ಲ. ಒಂದನೇ ತರಗತಿಯವರೆಲ್ಲ ಹೊಸಬರು, ಎಲ್ಲರಿಗೂ ಪೂರ್ಣ ನೆರವು ಬೇಕು, ಒಂದೇ ತಟ್ಟೆಗೆ ಹದಿನಾಲ್ಕು ಮಂದಿ ಬಂದು ಕೂರುತ್ತಾರೆ. ಅವರನ್ನು ಎರಡು ಮಾಡಿ. ಏಳು ಮಂದಿ ನಿಮ್ಮ ಹತ್ತಿರ, ಉಳಿದ ಏಳು ಮಂದಿ ಗೋಡೆ ಹಲಗೆಯ ಹತ್ತಿರ ಹಿಂದಿನ ದಿನದ ಅಕ್ಷರವನ್ನು ದೊಡ್ಡದಾಗಿ ತಿದ್ದಲಿ. ಹದಿನೈದು ನಿಮಿಷಕ್ಕೆ ಅದಲು-ಬದಲು. ಎಂಟಕ್ಕಿಂತ ಹೆಚ್ಚು ಮಕ್ಕಳನ್ನು ಸುತ್ತ ಕೂಡಿಸಿಕೊಂಡರೆ ಕೊನೆಯವನ ಬಾಯಿ ಆಡುತ್ತಿದೆಯೋ ಇಲ್ಲವೋ ನಿಮಗೆ ಕಾಣುವುದಿಲ್ಲ.

ಮೊದಲ ಎರಡು ವಾರ ಪಾಠದ ಆಸೆ ಕಡಿಮೆ ಮಾಡಿ ಪದ್ಧತಿ ಕಲಿಸಿ. ಪ್ರಗತಿ ನೋಟದಲ್ಲಿ (ಯಾವ ಮಗು ಎಲ್ಲಿದೆ ಎಂದು ಗುರುತು ಹಾಕುವ ಪಟ್ಟಿ) ತನ್ನ ಮೆಟ್ಟಿಲು ಹುಡುಕುವುದು, ಚೀಲದಿಂದ ಕಾರ್ಡು ತೆಗೆಯುವುದು, ಲಾಂಛನ ನೋಡಿ ತನ್ನ ತಟ್ಟೆಗೆ ಹೋಗುವುದು, ಮುಗಿದ ಮೇಲೆ ಅದೇ ಚೀಲಕ್ಕೆ ಹಾಕುವುದು. ಎರಡು-ಮೂರನೇ ತರಗತಿಯವರಿಗೆ ಇದು ಗೊತ್ತಿರುತ್ತದೆ, ಬೇಸಿಗೆ ರಜೆಯಲ್ಲಿ ಅರ್ಧ ಮರೆತಿರುತ್ತಾರೆ. ಪಾಠ ಹೇಳದೆ ಈ ನಾಲ್ಕು ಕೆಲಸವನ್ನು ಮೂರು ದಿನ ಆಟದಂತೆ ಮಾಡಿಸಿದರೆ ಜುಲೈಯಲ್ಲಿ ನಿಮ್ಮ ಗಂಟಲು ಉಳಿಯುತ್ತದೆ.

‘ಮುಗೀತು’ ಅಂತ ಎದ್ದು ಬರುವುದನ್ನು ಬೈದು ನಿಲ್ಲಿಸಲಾಗುವುದಿಲ್ಲ, ಯಾಕೆಂದರೆ ಮಗುವಿಗೆ ನಿಜವಾಗಿಯೂ ಮುಂದೆ ಕೆಲಸವಿಲ್ಲ. ಒಂದು ಕಟ್ಟಳೆ ಮಾಡಿ: ಮುಗಿಸಿದವರು ಸ್ಲೇಟು ಬೋರಲು ಹಾಕಿ, ಕಾರ್ಡನ್ನು ಅದರ ಮೇಲಿಟ್ಟು, ಓದುವ ಮೂಲೆಗೆ ಹೋಗಬೇಕು. ನೀವು ಸುತ್ತು ಬರುವಾಗ ಬೋರಲು ಬಿದ್ದ ಸ್ಲೇಟು ನೋಡಿ ಆ ಮಗುವನ್ನು ಕರೆಯಿರಿ.

ಜೊತೆಗಾರರ ನೆರವಿನ ಗುಂಪುಗಳಲ್ಲಿ ಆಗುವ ತಪ್ಪು ಬೇರೆ. ಮೂರನೇ ತರಗತಿಯ ಚುರುಕು ಹುಡುಗಿ ಚಿಕ್ಕವರ ಸ್ಲೇಟಿನ ಮೇಲೆ ತಾನೇ ಬರೆದುಕೊಟ್ಟು ಬೇಗ ಮುಗಿಸುತ್ತಾಳೆ. ಕಾರ್ಡು ಮುಗಿಯುತ್ತದೆ, ಚಿಕ್ಕದು ಏನೂ ಕಲಿತಿರುವುದಿಲ್ಲ. ನೆರವು ಕೊಡುವವರಿಗೆ ಬಳಪ ಮುಟ್ಟುವ ಹಾಗಿಲ್ಲ, ಬೆರಳು ತೋರಿಸಬಹುದು, ಬಾಯಲ್ಲಿ ಹೇಳಬಹುದು ಅಂತ ಹೇಳಿಡಿ. ದಿನಾ ಅವಳನ್ನೇ ಕೂಡಿಸಬೇಡಿ, ಅವಳ ಏಣಿ ನಿಂತುಬಿಡುತ್ತದೆ. ಆಮೇಲೆ ತಾಯಿ ಬಂದು ಕೇಳಿದರೆ ಉತ್ತರ ಇರುವುದಿಲ್ಲ.

ಪ್ರಗತಿ ನೋಟದಲ್ಲಿ ಗುರುತು ಹಾಕುವ ಮುಂಚೆ ಕಾರ್ಡಿನಲ್ಲಿ ಇಲ್ಲದ ಎರಡು ಪದ ಓದಿಸಿ. ಓದಿದರೆ ಗುರುತು, ಇಲ್ಲದಿದ್ದರೆ ಇಲ್ಲ. ತಿಂಗಳ ಕೊನೆಗೆ ಸಿಆರ್‌ಪಿ (ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ) ಬರುತ್ತಾರೆಂದು ಒಂದೇ ಸಂಜೆ ಎಲ್ಲರ ಗುರುತನ್ನೂ ಮುಂದಕ್ಕೆ ತಳ್ಳುವ ರೂಢಿ ಕೆಲವೆಡೆ ಇದೆ. ಅದರ ಪೆಟ್ಟು ನಾಲ್ಕನೇ ತರಗತಿಯ ಶಿಕ್ಷಕರಿಗೆ ಬೀಳುತ್ತದೆ.

ಕಾಯಿದೆಯ ಮಾತು: ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರಿರಬೇಕು. ಇದು ಇಡೀ ಶಾಲೆಯ ಲೆಕ್ಕ, ನಿಮ್ಮ ಕೋಣೆಯದಲ್ಲ. ಹಾಗಾಗಿ 34ಕ್ಕೆ ಇನ್ನೊಬ್ಬರನ್ನು ಕೇಳುವಾಗ ಮುಖ್ಯ ಗುರುಗಳು ಒಟ್ಟು ದಾಖಲಾತಿ ಹಿಡಿದು ಕೇಳಬೇಕು.

ಮನೆ ಅಂತ ಬರಿ ಅಂದ್ರ ‘ಮನಿ’ ಅಂತ ಬರೀತಾಳ. ಎಲೆಗೆ ‘ಎಲಿ’, ಶಾಲೆಗೆ ‘ಸಾಲಿ’. ನೋಟಬುಕ್ಕಿನ ತುಂಬ ಕೆಂಪು ಗೀಟು. ಕಿವಿ ಕೇಳಂಗಿಲ್ಲೇನೋ ಅನ್ನೋ ಹೆದರಿಕಿ ನಮಗ.
– ಯಲಬುರ್ಗಾ ಕಡೆಯ ತಾಯಿ, ಎರಡನೇ ತರಗತಿಯ ಮಗಳಿಗಾಗಿ

ಕಿವಿ ಚೆನ್ನಾಗಿ ಕೇಳುತ್ತದೆ ಅಕ್ಕಾ, ಅದಕ್ಕೇ ಹಾಗೆ ಬರೆಯುತ್ತಾಳೆ. ನಮ್ಮ ಕಡೆ ಮಾತಿನಲ್ಲಿ ಪದದ ಕೊನೆಯ ‘ಎ’ಕಾರ ‘ಇ’ಕಾರ ಆಗುತ್ತದೆ: ಮನಿ, ಕೆರಿ, ಕುದುರಿ. ಮಗು ಬಾಯಲ್ಲಿ ಇದ್ದದ್ದನ್ನು ತಪ್ಪಿಲ್ಲದೆ ಸ್ಲೇಟಿಗೆ ಇಳಿಸಿದೆ. ಹೀಗೆ ಬರೆಯುವ ಮಗುವಿಗೆ ಗುಡಿಸು ಬಂದಿದೆ, ಸ್ವರಕ್ಕೂ ಚಿಹ್ನೆಗೂ ಇರುವ ನಂಟು ಬಂದಿದೆ. ಏನೂ ತಿಳಿಯದ ಮಗು ‘ಮನ’ ಅಂತ ಬರೆದು ಬಿಡುತ್ತದೆ. ಈ ಎರಡು ತಪ್ಪಿಗೂ ಒಂದೇ ಕೆಂಪು ಗೀಟು ಹಾಕಿದರೆ ಶಿಕ್ಷಕರಿಗೇ ಮುಂದೆ ಏನು ಕಲಿಸಬೇಕೆಂದು ತಿಳಿಯುವುದಿಲ್ಲ.

ಮಾತನ್ನು ತಿದ್ದಬೇಡಿ. ಮನೆಯಲ್ಲಿ ‘ಮನಿ’ ಅಂತಲೇ ಅನ್ನಲಿ. ಬರೆಯುವಾಗ ಮಾತ್ರ ‘ಪುಸ್ತಕದಾಗ ಇದು ಹೆಂಗ ಐತಿ ನೋಡು’ ಅಂತ ಪಾಠದ ಪುಟ ತೆರೆದು ಅವಳ ಕೈಯಲ್ಲೇ ಹುಡುಕಿಸಿ. ದಿನಕ್ಕೆ ಎರಡು ಪದ, ಹೆಚ್ಚು ಬೇಡ. ಹತ್ತು ಪದ ಆದ ಮೇಲೆ ಅರ್ಥ ಬದಲಾಗುವ ಜೋಡಿಗಳನ್ನು ಕೊಡಿ: ಬಳೆ–ಬಳಿ, ಮರೆ–ಮರಿ, ಕರೆ–ಕರಿ. ಎಲ್ಲಕ್ಕಿಂತ ಕೆಲಸಕ್ಕೆ ಬರುವುದು ಕತ್ತೆ–ಕತ್ತಿ. ನಮ್ಮ ಕಡೆ ಎರಡಕ್ಕೂ ‘ಕತ್ತಿ’ ಅನ್ನುವುದರಿಂದ, ‘ಅಗಸನ ಹಂತ್ಯಾಕ ಕತ್ತಿ ಐತಿ’ ಅಂತ ಬರೆದರೆ ಯಾವುದು ಅಂತ ಮಕ್ಕಳು ನಕ್ಕು ನಕ್ಕು ವಾದ ಮಾಡುತ್ತಾರೆ. ಆ ವಾದದಲ್ಲಿ ಎತ್ವ ಯಾಕೆ ಬೇಕು ಅನ್ನುವುದು ತಾನಾಗಿ ತಿಳಿಯುತ್ತದೆ.

‘ಸಾಲಿ’ಯಲ್ಲಿ ಎರಡು ಬದಲಾವಣೆ ಇವೆ, ಶ ಮತ್ತು ಎತ್ವ. ಶ, ಷ, ಸ ಬೇರೆ ಮಾಡುವುದನ್ನು ಈಗಲೇ ಹಟ ಹಿಡಿದು ಕಲಿಸಬೇಡಿ. ಮೊದಲು ಎತ್ವ ಸರಿಯಾಗಲಿ.

‘ಇಪ್ಪತ್ತೊಂದು’ ಅಂದರೆ 201 ಬರೆಯುತ್ತಾನೆ. ನೂರರವರೆಗೆ ಬಾಯಿಪಾಠ ಬರುತ್ತದೆ.
– ಕಂಪ್ಲಿಯಿಂದ ಒಬ್ಬ ಅಜ್ಜ, ಎರಡನೇ ತರಗತಿಯ ಮೊಮ್ಮಗನಿಗಾಗಿ

ಮೊಮ್ಮಗ ಕೇಳಿದ್ದನ್ನೇ ಬರೆಯುತ್ತಿದ್ದಾನೆ: ಇಪ್ಪತ್ತು, ಒಂದು. ಇಪ್ಪತ್ತಕ್ಕೆ 20, ಒಂದಕ್ಕೆ 1. ಸ್ಥಾನಬೆಲೆ ಬಂದಿಲ್ಲ ಅಷ್ಟೇ. ನೂರು ಸಲ ತಿದ್ದಿ ಬರೆಸಿದರೆ 21ಕ್ಕೆ ಸರಿಹೋಗಿ 34ಕ್ಕೆ ಮತ್ತೆ 304 ಬರುತ್ತದೆ.

ತೆಂಗಿನ ಕಸಬರಿಗೆಯ ಕಡ್ಡಿಗಳನ್ನು ನಾಲ್ಕು ಬೆರಳು ಉದ್ದಕ್ಕೆ ಮುರಿದು ನೂರು ಮಾಡಿಕೊಳ್ಳಿ. ಹತ್ತತ್ತು ಎಣಿಸಿ ರಬ್ಬರ್ ಬ್ಯಾಂಡ್ ಹಾಕುವ ಕೆಲಸ ಅವನದೇ. ಕಟ್ಟಿದ್ದನ್ನು ನೀವು ಕೊಟ್ಟರೆ ಒಳಗೆ ಹತ್ತು ಇದೆ ಅನ್ನುವ ನಂಬಿಕೆ ಅವನಿಗೆ ಹುಟ್ಟುವುದಿಲ್ಲ. ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಎರಡು ಮನೆ ಬರೆಯಿರಿ, ಎಡಗಡೆ ಕಟ್ಟು, ಬಲಗಡೆ ಬಿಡಿ. ‘ಇಪ್ಪತ್ತೊಂದು ಇಡು’ ಅನ್ನಿ. ಎರಡು ಕಟ್ಟು, ಒಂದು ಬಿಡಿ. ಎಣಿಸುವಾಗ ‘ಒಂದು, ಎರಡು, ಮೂರು’ ಅಂದರೆ ಕಟ್ಟನ್ನೂ ಬಿಡಿಯನ್ನೂ ಒಂದೇ ಲೆಕ್ಕಕ್ಕೆ ಹಿಡಿದಿದ್ದಾನೆ ಎಂದರ್ಥ. ಒಂದು ಕಟ್ಟು ಬಿಚ್ಚಿ ಎಣಿಸಿ ಮತ್ತೆ ಕಟ್ಟಲಿ, ಆಮೇಲೆ ‘ಹತ್ತು, ಇಪ್ಪತ್ತು, ಇಪ್ಪತ್ತೊಂದು’ ಅಂತ ಎಣಿಸಲಿ.

ಇದು ಬಂದ ಮೇಲೆ ಚೀಟಿ. ಅಗಲವಾದ ಚೀಟಿಯಲ್ಲಿ 20, ಅದರ ಅರ್ಧ ಅಗಲದ ಚೀಟಿಯಲ್ಲಿ 1. ಚಿಕ್ಕದನ್ನು ದೊಡ್ಡದರ ಸೊನ್ನೆಯ ಮೇಲೆ ಮುಚ್ಚಿದರೆ 21. ಸೊನ್ನೆ ಎಲ್ಲಿಗೂ ಹೋಗಿಲ್ಲ, ಕೆಳಗಿದೆ, ಎತ್ತಿ ನೋಡಬಹುದು. 201 ಬರೆಯುವ ಮಕ್ಕಳಿಗೆ ಇದಕ್ಕಿಂತ ಬೇಗ ಕೆಲಸ ಮಾಡುವ ಸಲಕರಣೆ ನಮಗೆ ಕಂಡಿಲ್ಲ.

ಶುರು 21ರಿಂದ 29ರವರೆಗೆ ಮಾಡಿ, 11ರಿಂದ ಅಲ್ಲ. ಹನ್ನೊಂದು, ಹನ್ನೆರಡರಲ್ಲಿ ‘ಹತ್ತು’ ಕಿವಿಗೆ ಬೀಳುವುದಿಲ್ಲ, ಇಪ್ಪತ್ತೊಂದರಲ್ಲಿ ಇಪ್ಪತ್ತೂ ಒಂದೂ ಬೀಳುತ್ತವೆ. ಎಂಬತ್ತು, ತೊಂಬತ್ತು ಕಲಬೆರಕೆ ಆಗುವುದು ಎಲ್ಲ ಮಕ್ಕಳಲ್ಲೂ ಇದೆ, ಅದಕ್ಕೆ ಕಟ್ಟು ಎಣಿಸುವುದೇ ಮದ್ದು. ಕೊನೆಗೆ 12 ಮತ್ತು 21, 45 ಮತ್ತು 54, ಮತ್ತು 30 ಇಡಿಸಿ ನೋಡಿ. 30ಕ್ಕೆ ಬಿಡಿಯ ಮನೆ ಖಾಲಿ ಬಿಟ್ಟು ಸೊನ್ನೆ ಬರೆದರೆ ಮುಂದೆ ಹೋಗಬಹುದು. ಅಂಗಡಿಗೆ ಕಳಿಸುವಾಗ ಹತ್ತರ ನೋಟು, ಒಂದರ ನಾಣ್ಯ ಕೊಟ್ಟು ಎಣಿಸಿಕೊಂಡು ಹೋಗಲು ಹೇಳಿ.

ಚಿಕ್ಕ ಮಕ್ಕಳ ಓದು, ಲೆಕ್ಕಕ್ಕೆ ಕೇಂದ್ರ ಹಾಕಿದ ನಿಪುಣ್ ಭಾರತ್ ಗುರಿಯಲ್ಲಿ ಒಂದನೇ ತರಗತಿಯ ಕೊನೆಗೆ 99, ಎರಡನೆಯದರ ಕೊನೆಗೆ 999ರವರೆಗಿನ ಸಂಖ್ಯೆ ಇದೆ. ನಿಮ್ಮ ಹುಡುಗ ಹಿಂದೆ ಇದ್ದಾನೆ, ಆದರೆ ಸ್ಥಾನಬೆಲೆ ಒಂದು ಕುದುರಿದರೆ ಈ ಅಂತರ ಬೇಗ ಮುಚ್ಚುತ್ತದೆ.

ದಸರಾ ಆದ ಮ್ಯಾಲೆ ನಾವು ಗುಳೆ ಹೋಗೋರು. ಉಗಾದಿಗೆ ಬರ್ತೀವಿ. ಹುಡುಗನ್ನ ಕರ್ಕೊಂಡು ಹೋದ್ರ ಸಾಲಿ ಹೆಸರು ತಗದು ಬಿಡ್ತಾರೇನು? ಬಂದ ಮ್ಯಾಲೆ ಮತ್ತ ಒಂದರಿಂದ ಶುರು ಮಾಡಬೇಕೇನು?
– ದೇವದುರ್ಗ ತಾಲ್ಲೂಕಿನ ತಾಯಿ

ತಾಯೀ, ಮೊದಲು ಬಿಟ್ಟು ಹೋಗುವ ದಾರಿ ಇದೆಯಾ ನೋಡಿ. ಅಜ್ಜಿ ಮನೆಯಲ್ಲಿದ್ದರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಗುಳೆ ಹೋಗುವವರ ಮಕ್ಕಳಿಗೆ ಋತುಮಾನದ ವಸತಿ ವ್ಯವಸ್ಥೆ ಈ ವರ್ಷ ಹತ್ತಿರದಲ್ಲಿ ಎಲ್ಲಿದೆ ಅಂತ ಮುಖ್ಯ ಗುರುಗಳನ್ನು ಸೆಪ್ಟೆಂಬರ್‌ನಲ್ಲೇ ಕೇಳಿ. ಲಾರಿ ಹತ್ತುವ ಹಿಂದಿನ ದಿನ ಕೇಳಿದರೆ ಯಾರಿಗೂ ಏನೂ ಮಾಡಲಾಗುವುದಿಲ್ಲ.

ಕರೆದುಕೊಂಡು ಹೋಗಲೇಬೇಕಾದರೆ ಹೇಳದೆ ಹೋಗಬೇಡಿ. ಒಂದು ಹಾಳೆಯಲ್ಲಿ ಮೂರು ವಿಷಯ ಬರೆಸಿಕೊಳ್ಳಿ: ಮಗುವಿನ ಎಸ್‌ಎಟಿಎಸ್ ಸಂಖ್ಯೆ (ಶಾಲೆಯ ಸರಕಾರಿ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ), ಕನ್ನಡದಲ್ಲಿ ಯಾವ ಮೈಲಿಗಲ್ಲು, ಗಣಿತದಲ್ಲಿ ಯಾವ ಮೈಲಿಗಲ್ಲು. ಹೋದ ಊರಿನ ಸರಕಾರಿ ಶಾಲೆ ಟಿಸಿ ಇಲ್ಲ ಎಂದು ಸೇರಿಸಿಕೊಳ್ಳದೆ ಇರುವಂತಿಲ್ಲ, ಶಿಕ್ಷಣ ಹಕ್ಕು ಕಾಯಿದೆಯಲ್ಲಿ ಅದು ಸ್ಪಷ್ಟ ಇದೆ. ವರ್ಷದ ಮಧ್ಯೆಯೂ ಸೇರಿಸಿಕೊಳ್ಳಬೇಕು. ಕರ್ನಾಟಕದೊಳಗೇ ಇದ್ದರೆ ಆ ಶಾಲೆಯಲ್ಲೂ ಇದೇ ಏಣಿ, ಇದೇ ಕಾರ್ಡು. ಹಾಳೆ ತೋರಿಸಿದರೆ ಮಗು ಅಲ್ಲಿಂದಲೇ ಮುಂದೆ ಹೋಗುತ್ತದೆ.

ವಾಪಸು ಬಂದಾಗ ಒಂದರಿಂದ ಶುರು ಮಾಡುವುದಿಲ್ಲ. ಬಿಟ್ಟ ಕಾರ್ಡಿಗಿಂತ ಒಂದು ಮೈಲಿಗಲ್ಲು ಹಿಂದಕ್ಕೆ ಹೋಗಿ ಮೂರು-ನಾಲ್ಕು ದಿನ ಅದರಲ್ಲಿ ಆಡಿಸಿ, ಕುದುರಿದ ಮೇಲೆ ಮುಂದೆ ಹಾಕುತ್ತಾರೆ. ಕೊನೆಗೆ ಕಲಿತದ್ದು ಮೊದಲು ಮರೆಯುತ್ತದೆ, ಹಳೆಯದು ಹೆಚ್ಚಾಗಿ ಉಳಿದಿರುತ್ತದೆ. ಶಿಕ್ಷಕರಿಗೆ ಒಂದು ಮಾತು: ಬಂದ ಮಗುವನ್ನು ಓರಗೆಯವರ ಜೊತೆ ಅದೇ ಕಾರ್ಡಿಗೆ ಕೂಡಿಸುವ ಆಸೆ ಬೇಡ. ಎರಡು ದಿನದಲ್ಲಿ ಅದು ನೋಡಿ ಬರೆಯುವುದನ್ನು ಕಲಿಯುತ್ತದೆ, ಆಮೇಲೆ ಯಾವ ಮೆಟ್ಟಿಲಲ್ಲಿ ಇದೆ ಅಂತ ಯಾರಿಗೂ ಕಾಣುವುದಿಲ್ಲ.

ಗುಳೆ ಹೋಗದೆ ಊರಲ್ಲೇ ಇದ್ದು, ಹತ್ತಿ ಬಿಡಿಸುವ ದಿನಗಳಲ್ಲಿ ಕೂಸು ನೋಡಿಕೊಳ್ಳಲು ಅಂತ ವಾರಕ್ಕೆ ಎರಡು ದಿನ ದೊಡ್ಡ ಮಗುವನ್ನು ಹೊಲಕ್ಕೆ ಕರೆದೊಯ್ಯುವುದು ಇನ್ನೂ ಕೆಟ್ಟದ್ದು. ಹಾಜರಿಯಲ್ಲಿ ಅದು ಅಷ್ಟು ಕಾಣುವುದಿಲ್ಲ. ಆದರೆ ಐದು ಅಕ್ಷರದ ಗುಂಪಿನಲ್ಲಿ ಎರಡು ಅಕ್ಷರದ ದಿನ ತಪ್ಪಿದರೆ ಆ ಗುಂಪಿನ ಅರ್ಧ ಪದ ಓದಲಾಗುವುದಿಲ್ಲ.

ತಾಂಡಾದಿಂದ ಬರುವ ಆರು ಮಕ್ಕಳು ತರಗತಿಯಲ್ಲಿ ಬಾಯೇ ಬಿಡುವುದಿಲ್ಲ. ಆಟದಲ್ಲಿ ಗಲಾಟೆ ಮಾಡುತ್ತಾರೆ. ಮಂದ ಬುದ್ಧಿಯೇ?
– ಲಿಂಗಸುಗೂರು ತಾಲ್ಲೂಕಿನ ಶಿಕ್ಷಕ

ಆಟದಲ್ಲಿ ಗಲಾಟೆ ಮಾಡುವ ಮಗುವಿಗೆ ಬುದ್ಧಿ ಸರಿಯಾಗಿಯೇ ಇದೆ ಸರ್. ಲಂಬಾಣಿ ಮನೆಮಾತಿನ ಮಗುವಿಗೆ ಅಮ್ಮ ‘ಯಾಡಿ’, ನೀರು ‘ಪಾಣಿ’. ಅದಕ್ಕೆ ‘ಸರ’ ಓದಲು ಬಂದರೂ ಓದಿದ್ದೇನು ಎಂದು ತಿಳಿಯುವುದಿಲ್ಲ. ಮೊದಲ ಮೂರು ವಾರ ಅಕ್ಷರ ಮುಟ್ಟಬೇಡಿ. ಚಿತ್ರ, ಅಭಿನಯ ಗೀತೆ, ‘ಬಾ, ಕೂಡು, ತಗೋ, ಕೊಡು’ ಇಂಥ ಕ್ರಿಯಾಪದದ ಆಟ. ಚಿತ್ರ ತೋರಿಸಿ ಅವರ ಮಾತಿನಲ್ಲೇ ಹೆಸರು ಹೇಳಿಸಿ, ನೀವು ಕನ್ನಡದ್ದನ್ನು ಹೇಳಿ. ಎರಡೂ ಮಾತು ಬರುವ ಮೂರನೇ ತರಗತಿಯ ತಾಂಡಾದ ಹುಡುಗ ಒಬ್ಬ ಪಕ್ಕದಲ್ಲಿದ್ದರೆ ಕೆಲಸ ಅರ್ಧವಾಗುತ್ತದೆ. ‘ಕನ್ನಡದಾಗೇ ಮಾತಾಡು’ ಅಂತ ಗದರಿಸಿದ ದಿನವೇ ಬಾಯಿ ಮುಚ್ಚುತ್ತದೆ.

ಸಿರುಗುಪ್ಪ, ಬಳ್ಳಾರಿ ಕಡೆ ತೆಲುಗು ಮನೆಮಾತಿನ ಮಕ್ಕಳಿಗೆ ಇಷ್ಟು ತೊಂದರೆ ಇಲ್ಲ. ಸ್ವರ, ವ್ಯಂಜನ, ಕಾಗುಣಿತದ ಕಟ್ಟು ಎರಡರಲ್ಲೂ ಒಂದೇ, ಲಿಪಿಯೂ ಹತ್ತಿರ.

ಮಗು ಬಳಪ ತಿನ್ನುತ್ತದೆ. ಹೊಡೆದರೂ ಬಿಡದು. – ಮಾನ್ವಿ
ಹೊಡೆಯಬೇಡಿ. ಮಣ್ಣು, ಬಳಪ ತಿನ್ನುವ ಚಟದ ಹಿಂದೆ ರಕ್ತಹೀನತೆ ಇರಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ನೋಡಿಸಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಗುಲಾಬಿ ಬಣ್ಣದ ಕಬ್ಬಿಣಾಂಶದ ಗುಳಿಗೆಯನ್ನೂ ಜಂತುಹುಳ ನಿವಾರಣಾ ದಿನ ಕೊಡುವ ಮಾತ್ರೆಯನ್ನೂ ನುಂಗುತ್ತದೆಯೋ ಉಗುಳುತ್ತದೆಯೋ ವಿಚಾರಿಸಿ.

ಎಡಗೈಯಲ್ಲಿ ಬರೆಯುತ್ತಾಳೆ. ಬಲಗೈ ರೂಢಿ ಮಾಡಿಸಲೇ? – ಕಾರಟಗಿ
ಬೇಡ. ಚಾಪೆಯ ಎಡ ತುದಿಗೆ ಕೂಡಿಸಲು ಹೇಳಿ, ಪಕ್ಕದವರ ಮೊಣಕೈ ತಾಗುವುದಿಲ್ಲ.

ಐದೂವರೆ ವರ್ಷಕ್ಕೆ ಒಂದನೇ ತರಗತಿಗೆ ಸೇರಿಸಬಹುದೇ? – ಸಂಡೂರು
ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬುದು ನಿಯಮ. ಎಲ್‌ಕೆಜಿ, ಯುಕೆಜಿ ಮುಗಿಸಿದವರಿಗೆ 2025-26ರ ಸಾಲಿಗೆ 5 ವರ್ಷ 5 ತಿಂಗಳಿಗೆ ಸಡಿಲಿಕೆ ಕೊಟ್ಟಿದ್ದರು. ನಿಯಮ ಬಿಟ್ಟು ನೋಡಿದರೂ ಆರು ತಿಂಗಳು ಅಂಗನವಾಡಿಯಲ್ಲಿ ಹೆಚ್ಚು ಆಡಿದ ಮಗುವಿನ ಬೆರಳು ಗಟ್ಟಿಯಾಗಿರುತ್ತದೆ, ಬಳಪ ಹಿಡಿಯುವುದು ಸಲೀಸು.

ಮೂರನೇ ತರಗತಿ. ಕಾಗುಣಿತ ಸರಾಗ. ‘ಅಕ್ಕ, ಅಪ್ಪ, ಹಗ್ಗ’ ಓದುತ್ತಾರೆ, ‘ಹತ್ತಿ, ಅನ್ನ, ಎಲ್ಲ’ ಬಂದರೆ ನಿಲ್ಲುತ್ತಾರೆ. ನಿಮಿಷಕ್ಕೆ 60 ಪದದ ಗುರಿ ಹೇಗೆ ಮುಟ್ಟಲಿ?
– ಗಂಗಾವತಿ ತಾಲ್ಲೂಕಿನ ಶಿಕ್ಷಕಿ

ನೀವು ಕೊಟ್ಟ ಪದಗಳಲ್ಲೇ ಕಾರಣ ಇದೆ ಮೇಡಂ. ಕ, ಪ, ಗ ಇವುಗಳ ಒತ್ತು ಮೂಲ ಅಕ್ಷರವನ್ನೇ ಸಣ್ಣದು ಮಾಡಿ ಕೆಳಗಿಟ್ಟ ಹಾಗಿರುತ್ತದೆ, ಮಗು ಊಹಿಸಿ ಓದುತ್ತದೆ. ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲವನ್ನು ಹೋಲುವುದಿಲ್ಲ. ಇವನ್ನು ಹೊಸ ಅಕ್ಷರ ಎಂದೇ ಕಲಿಸಬೇಕು, ‘ತ ಕೆಳಗೆ ತ’ ಅಂದರೆ ಮಗುವಿಗೆ ಅಲ್ಲಿ ತ ಕಾಣುವುದಿಲ್ಲ.

ಕ್ರಮ ಹೀಗಿರಲಿ. ಮೊದಲ ವಾರ ಹೋಲುವ ಒತ್ತುಗಳು: ಅಕ್ಕ, ಅಣ್ಣ, ಅಜ್ಜ, ಹಬ್ಬ. ಆಮೇಲೆ ದಿನಕ್ಕೊಂದರಂತೆ ಆರು: ಹತ್ತಿ, ಅನ್ನ, ಅಮ್ಮ, ಅಯ್ಯ, ಎಲ್ಲ, ಚಕ್ರ. ಮೂರನೆಯ ಹಂತದಲ್ಲಿ ಬೇರೆ ಅಕ್ಷರದ ಒತ್ತು: ಪುಸ್ತಕ, ರಸ್ತೆ, ವಿದ್ಯೆ. ಪ್ರತಿ ಪದವನ್ನೂ ಚಪ್ಪಾಳೆಯಲ್ಲಿ ಮುರಿಯಿರಿ: ಹತ್–ತಿ, ರಸ್–ತೆ. ಎರಡು ಚಪ್ಪಾಳೆ. ‘ಹತಿ’ ಅಂತ ಓದುವ ಮಗು ಮೊದಲ ಚಪ್ಪಾಳೆಗೆ ‘ಹ’ ಅಂತ ನಿಲ್ಲಿಸುತ್ತದೆ, ತಪ್ಪು ಅಲ್ಲೇ ಕೇಳಿಸುತ್ತದೆ.

ಅರ್ಕಾವತ್ತು ಕೊನೆಗೆ ಇರಲಿ. ‘ಸೂರ್ಯ’ದಲ್ಲಿ ರ್ ಚಿಹ್ನೆ ಬರೆಯುವುದು ಯ ಆದ ಮೇಲೆ, ಓದುವುದು ಯಕ್ಕಿಂತ ಮುಂಚೆ. ಅದಕ್ಕೇ ಮಕ್ಕಳು ‘ಸೂಯ್ರ’ ಅನ್ನುತ್ತಾರೆ. ಬಣ್ಣದ ಸೀಮೆಸುಣ್ಣದಲ್ಲಿ ಆ ಚಿಹ್ನೆಯಿಂದ ಹಿಂದಕ್ಕೆ ಒಂದು ಬಾಣ ಎಳೆದು ಐದಾರು ದಿನ ಓದಿಸಿ: ಸೂರ್ಯ, ಕಾರ್ಯ, ಅರ್ಧ, ವರ್ಷ. ಬಾಣ ಅಳಿಸಿದ ಮೇಲೂ ಸರಿ ಓದಿದರೆ ಸಾಕು.

ಇನ್ನು 60 ಪದ. ನಿಪುಣ್ ಭಾರತ್‌ನ ಆ ಗುರಿ ಎಲ್ಲ ಭಾಷೆಗೂ ಒಂದೇ ಹಾಕಿದ್ದು. ಕನ್ನಡದಲ್ಲಿ ‘ಹೊಲದಲ್ಲಿದ್ದವರಿಗೆ’ ಅನ್ನುವುದೂ ಒಂದು ಪದ, ‘ಮರ’ ಅನ್ನುವುದೂ ಒಂದು ಪದ. ಗಡಿಯಾರ ಹಿಡಿದು ಓಡಿಸಿದರೆ ಮಕ್ಕಳು ವಿಭಕ್ತಿ ನುಂಗಿ ‘ಹೊಲದ… ಬಂದರು’ ಅಂತ ಓದುತ್ತಾರೆ. ಎಪ್ಪತ್ತು ಪದದ, ಮಗು ಮೊದಲು ನೋಡಿರದ ಪ್ಯಾರಾ ಕೊಡಿ. ಒಂದು ನಿಮಿಷ ಆದಾಗ ಎಲ್ಲಿದೆಯೋ ಅಲ್ಲಿ ಸಣ್ಣ ಗುರುತು ಹಾಕಿ, ನಿಲ್ಲಿಸದೆ ಕೊನೆವರೆಗೆ ಓದಲು ಬಿಡಿ. ಮೂರು ಪ್ರಶ್ನೆ ಕೇಳಿ. ಎಡವಿದ ಪದಗಳನ್ನು ಎದುರಿನ ಪುಟದಲ್ಲಿ ಬರೆದುಕೊಂಡು ಮೂರು ಗುಂಪು ಮಾಡಿ: ಒತ್ತು, ದೀರ್ಘ, ಉದ್ದ ಪದ. ಒತ್ತಿನ ಗುಂಪು ದೊಡ್ಡದಿದ್ದರೆ ಮೇಲಿನ ಆರಕ್ಕೆ ವಾಪಸು ಹೋಗಿ. ಉದ್ದ ಪದದ ಗುಂಪು ದೊಡ್ಡದಿದ್ದರೆ ಹೊಲ, ಹೊಲದ, ಹೊಲದಲ್ಲಿ, ಹೊಲದಲ್ಲಿದ್ದ ಅಂತ ಮೆಟ್ಟಿಲು ಮೆಟ್ಟಿಲಾಗಿ ಹಲಗೆಯ ಮೇಲೆ ಬೆಳೆಸಿ ಓದಿಸಿ. ಹದಿನೈದು ದಿನ ಬಿಟ್ಟು ಬೇರೆ ಪ್ಯಾರಾ ಕೊಟ್ಟು ಅದೇ ಪುಟದಲ್ಲಿ ಮತ್ತೆ ಬರೆದುಕೊಳ್ಳಿ.